ಬಾಣಂತಿ ಕೋಣೆಯ ಗೋಡೆ ಒಡೆದವಳು

ನನ್ನ ದೊಡ್ಡವ್ವನ ಕಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಲೆ ಊದಿ ಊದಿ ಸುಟ್ಟುಹೋಗಿ, ರೆಪ್ಪೆಯಂಚು ಸದಾ ಕೆಂಪಗೆ ನೀರೊಸರುತ್ತಿತ್ತು. ಅದನ್ನು ಸೆರಗಿನಲ್ಲಿ ಒತ್ತಿಕೊಳ್ಳುತ್ತಲೇ ಮನೆಮಂದಿಯನ್ನೆಲ್ಲ ಗದರಿಸುತ್ತಿದ್ದಳು.

ನನಗೆ ಅವ್ವ ಇರಲಿಲ್ಲ. ಹಾಗಾಗಿ ತೊಂಬತ್ತರ ದಶಕದ ಮೊದಲಿಗೆ ನನ್ನ ಚೊಚ್ಚಲ ಬಾಣಂತನ ಭೀಮನಬೀಡಿನಲ್ಲಿ, ದೊಡ್ಡವ್ವನ ಮನೆಯಲ್ಲಾಯಿತು. ಗುಂಡ್ಲುಪೇಟೆಯಲ್ಲಿ ಹೆರಿಗೆ ಮುಗಿಸಿ, ಮಗಳನ್ನು ಎತ್ತಿಕೊಂಡು ಬಂದವಳೇ ಕತ್ತಲ ಕೋಣೆ ಸೇರಿದೆ. ಇದ್ದ ಒಂದೇ ಕಿಟಕಿಗೆ ದೊಡ್ಡವ್ವ ಗೋಣಿಚೀಲ ತುರುಕಿದ್ದಳು. ಬಾಗಿಲ ಸಂದಿಗೆ ಹಳೇ ಸೀರೆ. ಮಂಚದ ಕೆಳಗೆ ಬಾಂಡ್ಲಿ ತುಂಬ ಕೆಂಡ. ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು.

"ವಸಿ ಕಿಟ್ಕಿ ತೆಗಿ ದೊಡ್ಡವ್ವ" ಎಂದು ಗೋಗರೆದರೆ, "ಗಾಳಿ ಸೋಕ್ಬುಟ್ರೆ ಸನ್ನಿ ಆಯ್ತದೆ ಕಣಮ್ಮಿ, ಸುಮ್ನೆ ಬಿದ್ಕೊ" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಹೊಲಕ್ಕೆ ಬುತ್ತಿ ಕೊಟ್ಟು ಬರಲು ಹೊರಟವಳು, ನಾಯಿ ನುಗ್ಗೀತೆಂದು ಹೊರಗಿನಿಂದ ಚಿಲಕ ಹಾಕಿದಳು. ಸ್ವಲ್ಪ ಹೊತ್ತಿಗೆ ನನ್ನ ತಲೆ ಸಿಡಿಯತೊಡಗಿತು. ಎದೆಗೆ ಹಚ್ಚಿದರೆ ಮಗು ಬಾಯಿ ತೆರೆಯಲಿಲ್ಲ. ಎದ್ದರೆ ಕಾಲು ನಿಲ್ಲಲಿಲ್ಲ. ಮಗುವನ್ನು ಅವುಚಿಕೊಂಡು ತೆವಳಿ ಬಾಗಿಲು ಬಡಿದೆ. ಬಡಿದದ್ದು ನನಗೇ ಕೇಳಿಸಲಿಲ್ಲ.

ಕಣ್ಣು ಬಿಟ್ಟಾಗ ಅಂಗಳದಲ್ಲಿದ್ದೆ. ದೊಡ್ಡವ್ವ ಮಗುವಿನ ಅಂಗಾಲು ತಟ್ಟುತ್ತಾ, "ಅಳು ನನ್ನವ್ವ, ಅಳು" ಎಂದು ತಾನೇ ಅಳುತ್ತಿದ್ದಳು. ಕೊನೆಗೂ ಮಗು ಅತ್ತಿತು.

ಮಾರನೇ ದಿನ ಬಂದ ನರ್ಸಮ್ಮ ಬೈದರು: "ಮುಚ್ಚಿದ ರೂಮಲ್ಲಿ ಕೆಂಡ ಇಟ್ರೆ ಗಾಳಿನೇ ವಿಷ ಆಗುತ್ತೆ. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೋಗ್ಬೇಕು."

ಅವರು ಹೋದಮೇಲೆ ದೊಡ್ಡವ್ವ ಗೋಡೆಗೊರಗಿ ಕೂತಳು. ಮೆಲ್ಲಗೆ ಅಂದಳು: "ನನ್ ಮೊದುಲ್ನೇ ಎಣ್ಮಗೀನೂ ಇದೇ ಕೋಣೇಲಿ ಇಂಗೇ ಓಯ್ತು ಕಣಮ್ಮಿ. ದೆವ್ವ ಮೆಟ್ಕೊತು ಅಂದ್ರು. ಇನ್ನೂ ಬಿಗಿಯಾಗಿ ಮುಚ್ಬೇಕಿತ್ತು ಅಂತ ಇಷ್ಟ್ ವರ್ಸ ಅನ್ಕೊಂಡಿದ್ದೆ."

ಎದ್ದವಳೇ ಹಾರೆ ತಂದು, ಕಿಟಕಿಯ ಎದುರಿನ ಗೋಡೆಗೆ ಹಾಕಿದಳು. "ಗ್ವಾಡೆ ಬಿದ್ದೋಯ್ತದೆ ಕಣಮ್ಮಿ!" ಎಂದು ದೊಡ್ಡಪ್ಪ ಕೂಗಿದರು.

"ಬೀಳ್ಲಿ ಬುಡು" ಅಂದಳು.

ಆಮೇಲೆ ಊರಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅವಳು ಹಾಜರು. ಒಂದು ಮನೆಯವರು ಮುಖಕ್ಕೇ ಬಾಗಿಲು ಹಾಕಿಕೊಂಡಾಗ, ಕೆಂಡದ ಬಾಂಡ್ಲಿ ಆಚೆ ಬರುವವರೆಗೂ ಜಗಲಿ ಬಿಟ್ಟು ಏಳಲಿಲ್ಲ.

ಹೊರಗಿನಿಂದ ಯಾರಾದರೂ ಚಿಲಕ ಹಾಕಿದರೆ ಇಂದಿಗೂ ಓಡಿಹೋಗಿ ಬಾಗಿಲು ಬಡಿಯುತ್ತೇನೆ. ಅವಳ ಮೇಲಿನ ಕೋಪವೂ ಪೂರಾ ಹೋಗಲಿಲ್ಲ, ಸುಳ್ಳೇಕೆ.

ಮಗಳು ಶಾಲೆಗೆ ಸೇರಿದ ವರ್ಷ ದೊಡ್ಡವ್ವ ತೀರಿಕೊಂಡಳು. "ಅವ್ವಂಗೆ ನಾವಿಬ್ರೇ ಮಕ್ಳು" ಎಂದು ಅವಳ ಹಿರಿಮಗ ಬಂದವರಿಗೆ ಹೇಳುತ್ತಿದ್ದ. ನಾನು ಅವನ ಪಕ್ಕ ಹೋಗಿ ಕೂತೆ.

"ಮೂರ್ ಜನ ಕಣಣ್ಣ" ಅಂದೆ. "ನಿಂಗೊಬ್ಳು ಅಕ್ಕ ಇದ್ಳು."