ಕಪ್ಪು ಚರ್ಚಿಗೆ ಅರ್ಧ ಗಂಟೆ

ಕುವೈತಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಕೂತು ಹದಿನಾರು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಒಂದೇ. ನಾನೇ ಕಾಣದ ಊರುಗಳನ್ನು ಬೇರೆಯವರು ಹೇಗೆ ನೋಡಬೇಕು ಎಂದು ಟೈಪ್ ಮಾಡುವುದು. ವೀಸಾ ಅರ್ಜಿಯ ಜೊತೆ ಯಾವ ದಿನ ಏನು ನೋಡುತ್ತೀರಿ ಎಂಬ ಪಟ್ಟಿ ಇಡಬೇಕು. ರೊಮೇನಿಯಾದ ಬ್ರಾಶೋವ್ ಊರಿನದು ನನಗೆ ಬಾಯಿಪಾಠ. ಬೆಳಿಗ್ಗೆ ಹಳೇ ಪೇಟೆಯ ಕೌನ್ಸಿಲ್ ಚೌಕ, ಪಕ್ಕದಲ್ಲೇ ಕಪ್ಪು ಚರ್ಚ್, ಅದಕ್ಕೆ ಅರ್ಧ ಗಂಟೆ. ಆಮೇಲೆ ಎದುರಿಗೊಬ್ಬ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕಾದ ಹಗ್ಗದ ಬೀದಿ, ಮಧ್ಯಾಹ್ನ ಬಿಳಿ ಗೋಪುರ, ಸಂಜೆ ಕೇಬಲ್ ಕಾರಿನಲ್ಲಿ ಟಾಂಪಾ ಗುಡ್ಡ. ಗಿರಾಕಿಯ ಹೆಸರು ಬದಲಿಸಿದರೆ ಕೆಲಸ ಮುಗಿಯಿತು. ಒಮ್ಮೆ ಬರೆದದ್ದನ್ನು ಮತ್ತೆ ಮತ್ತೆ ಬರೆಯಲು ನನಗೇನು ಹುಚ್ಚೇ?

ಹೆಂಡತಿ ಇಲ್ಲೇ ಎಗೈಲಾ ಎಂಬಲ್ಲಿನ ಮಾಲ್ ಒಂದರಲ್ಲಿ, ಹೆಂಗಸರ ಉದ್ದ ನಿಲುವಂಗಿ ಅಬಾಯ ಮಾರುವ ಅಂಗಡಿಯ ಟೈಲರ್. ನಾನು ಮನೆಗೆ ತಂದ ಫೈಲುಗಳನ್ನು ಗಟ್ಟಿಯಾಗಿ ಓದಿ ಪರಿಶೀಲಿಸುವಾಗ ಕೇಳಿಸಿಕೊಳ್ಳುತ್ತಿದ್ದಳು. "ಅಷ್ಟು ದೊಡ್ಡ ಚರ್ಚಿಗೆ ಅರ್ಧ ಗಂಟೆಯಾ? ನಿಮಗೆ ಒಂದು ಪ್ಯಾಂಟ್ ಆರಿಸ್ಲಿಕ್ಕೇ ಒಂದು ಗಂಟೆ ಬೇಕು!" ಎಂದು ಕಾಲೆಳೆಯುತ್ತಿದ್ದಳು.

ಹೋದ ವರ್ಷ ನೇರವಾಗಿಯೇ ಕೇಳಿದಳು. "ಊರಿಗೆ ಹೋಗುವಾಗೆಲ್ಲ ಯಾರ್ಯಾರದೋ ಪಾರ್ಸೆಲ್ ಹೊತ್ತದ್ದೇ ಆಯ್ತು. ನಮ್ಮವರು ಒಬ್ಬರೂ ಇಲ್ಲದ ಊರಿಗೆ ಒಮ್ಮೆ ಕೈಬೀಸಿಕೊಂಡು ಹೋಗ್ಬೇಕು. ಆ ನಿಮ್ಮ ಬ್ರಾಶೋವ್‌ಗೆ ಹೋಗುವಾ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಮ್ಮ ಅರ್ಜಿಗೂ ಅದೇ ಪಟ್ಟಿ ಇಟ್ಟೆ. ರಾಯಭಾರ ಕಚೇರಿಯಲ್ಲಿ ಕಿಟಕಿಯ ಆಚೆ ಕೂತಿದ್ದ ಅಧಿಕಾರಿಣಿ, ಏನೇನು ನೋಡುತ್ತೀರಿ ಎಂದು ಕೇಳಿದಾಗ ಉಸಿರು ಬಿಡದೆ ಒಪ್ಪಿಸಿದೆ. ಚೌಕದಿಂದ ಹಗ್ಗದ ಬೀದಿಗೆ ಎಲ್ಲಿ ತಿರುಗಬೇಕು ಎಂಬುದನ್ನೂ ಬಿಡಲಿಲ್ಲ.

"ಮೊದಲು ಹೋಗಿದ್ದೀರಾ?"

"ಇಲ್ಲ."

ಆಕೆ ಏನೋ ಗೀಚಿಕೊಂಡಳು. ಹೆಂಡತಿಗೂ ಅದೇ ಪ್ರಶ್ನೆ ಬಂತು. ಇವಳು ಆರಾಮಾಗಿ, "ಗೊತ್ತಿಲ್ಲ. ಹೋದ ಮೇಲೆ ನೋಡುವುದು" ಎಂದುಬಿಟ್ಟಳು. ಎಲ್ಲ ಕೆಡಿಸಿದಳಲ್ಲ ಎಂದು ನಾನು ಹಲ್ಲು ಕಚ್ಚಿದೆ.

ಮೂರು ವಾರದ ನಂತರ ಪಾಸ್‌ಪೋರ್ಟುಗಳು ಬಂದವು. ಅವಳದರಲ್ಲಿ ವೀಸಾ ಇತ್ತು. ನನ್ನದರಲ್ಲಿ ಒಂದು ಕಾಗದ: ಪ್ರಯಾಣದ ಉದ್ದೇಶ ನಂಬುವಂತಿಲ್ಲ.

"ಖಲಾಸ್. ಟಿಕೆಟ್ ಕ್ಯಾನ್ಸಲ್ ಮಾಡುವಾ" ಎಂದೆ. ಅವಳು ಸೂಟ್‌ಕೇಸ್ ತೆರೆದು ನನ್ನ ಬಟ್ಟೆಗಳನ್ನು ಒಂದೊಂದಾಗಿ ಹೊರಗಿಟ್ಟಳು.

"ನಾನು ಹೋಗ್ತೇನೆ."

"ಒಬ್ಬಳೇ? ಅಲ್ಲಿ ಭಾಷೆ ಬರ್ತದಾ ನಿನಗೆ?"

"ಅಂಗಡಿಯಲ್ಲಿ ಏಳು ದೇಶದವರ ಅಳತೆ ತೆಗೀತೇನೆ. ಅಲ್ಲಿಯೂ ಮನುಷ್ಯರೇ ಇರುದಲ್ವಾ?"

ಎರಡು ದಿನ ನಾನು ಮುಖ ಊದಿಸಿಕೊಂಡು ತಿರುಗಿದೆ. ನನಗೆ ಹೆದರಿಕೆಯಾಗಿತ್ತು, ಅದು ನಿಜ. ಅದಕ್ಕಿಂತ ಹೆಚ್ಚಾಗಿ, ಗಂಡನನ್ನು ಬಿಟ್ಟು ಹೋದಳಂತೆ ಎಂದು ನಾಲ್ಕು ಜನ ಆಡಿಕೊಳ್ಳುವ ನಾಚಿಕೆ. ಮೂರನೇ ದಿನ ಬಾಯಿ ಮುಚ್ಚಿಕೊಂಡು ಏರ್‌ಪೋರ್ಟಿಗೆ ಬಿಟ್ಟು ಬಂದೆ.

ಮರುದಿನ ನಾನು ಆಫೀಸಿನಲ್ಲಿ, ಅವಳು ಕೌನ್ಸಿಲ್ ಚೌಕದಲ್ಲಿ. ವಿಡಿಯೋ ಕಾಲ್‌ನಲ್ಲಿ ಕೆಂಪು ಹೆಂಚಿನ ಮಾಡುಗಳು, ಗುಡ್ಡದ ಮೇಲೆ ನೆಟ್ಟ ಊರಿನ ಹೆಸರಿನ ಬಿಳಿ ಅಕ್ಷರಗಳು ಕಂಡವು. "ಈಗ ಎಡಕ್ಕೆ ತಿರುಗು" ಎಂದೆ. ಬೇಕೆಂದೇ ಬಲಕ್ಕೆ ತಿರುಗಿದಳು. ಅಂತೂ ಸುತ್ತು ಹೊಡೆದು ಕಪ್ಪು ಚರ್ಚಿನ ಬಾಗಿಲಿಗೆ ಬಂದಳು. ಎಂದೋ ಬಿದ್ದ ಬೆಂಕಿಗೆ ಗೋಡೆ ಕಪ್ಪಾಗಿ ಆ ಹೆಸರು ಬಂತಂತೆ. "ಒಳಗೆ ಫೋನ್ ಹಿಡೀಬಾರ್ದಂತೆ. ಇಡ್ತೇನೆ" ಎಂದಳು.

ಅರ್ಧ ಗಂಟೆ ಕಳೆಯಿತು. ಒಂದು ಗಂಟೆಯೂ ಕಳೆಯಿತು. ಫೋನ್ ಸ್ವಿಚ್ಡ್ ಆಫ್. ಎದುರಿಗೆ ಕೂತಿದ್ದ ಗಿರಾಕಿಯ ಹೆಸರನ್ನು ಎರಡು ಸಲ ತಪ್ಪು ಟೈಪ್ ಮಾಡಿದೆ. ಬಿದ್ದಳೋ, ದಾರಿ ತಪ್ಪಿತೋ, ಪಾಸ್‌ಪೋರ್ಟ್ ಕಳೆಯಿತೋ? ಅಲ್ಲಿ ಯಾರಿಗೆ ಫೋನ್ ಮಾಡಲಿ? ನಮ್ಮವರು ಒಬ್ಬರೂ ಇಲ್ಲದ ಊರು. ಎರಡು ಗಂಟೆಯಾಗುವಾಗಲೂ ಅದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದೆ.

ಕೊನೆಗೂ ಫೋನ್ ಬಂತು. "ಎಂತ ಮಾಡ್ತಿದ್ದೆ ಇಷ್ಟೊತ್ತು? ಬಿಳಿ ಗೋಪುರ ಯಾವಾಗ ನೋಡುದು?" ಎಂದು ಹಾರಾಡಿದೆ.

ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. "ಒಳಗೆ ಸುತ್ತಲೂ ಹಳೇ ಟರ್ಕಿ ಮುಸಲ್ಲಾಗಳನ್ನು ತೂಗಿಹಾಕಿದ್ದಾರೆ. ಚರ್ಚಿನಲ್ಲಿ ನಮಾಜಿನ ಚಾಪೆ! ಒಂದರಲ್ಲಿ ಮಂಡಿ ಊರುವ ಜಾಗ ಸವೆದು ಅಡಿಯ ನೂಲು ಕಾಣ್ತದೆ. ಯಾರೋ ಎಷ್ಟು ವರ್ಷ ಅಲ್ಲೇ ಮಂಡಿ ಊರಿದ್ದಾರೆ, ನೋಡಿ. ಅದರ ಎದುರೇ ಕೂತೆ. ಎದ್ದು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ."

ನನ್ನ ಪಟ್ಟಿಯಲ್ಲಿ ಅದು 'ಹಳೆಯ ಕಾರ್ಪೆಟ್ ಸಂಗ್ರಹ' ಎಂಬ ಮೂರು ಪದ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಗಿರಾಕಿಯ ಫೈಲು ತೆರೆದೇ ಇತ್ತು. ಮಂಡಿ ಊರುವ ಜಾಗ ಎಂದು ಸೇರಿಸಿದರೆ ಯಾವ ಅಧಿಕಾರಿಯೂ ನಂಬುತ್ತಾನೆ ಎಂದು ಬೆರಳು ಆಗಲೇ ಹೊರಟಿತ್ತು.

"ಕೀಬೋರ್ಡಿನ ಸದ್ದು ಕೇಳ್ತದೆ ನನಗೆ" ಎಂದಳು. "ಇದನ್ನು ಟೈಪ್ ಮಾಡ್ಬೇಡಿ. ಇದು ನಾನು ನೋಡಿದ್ದು."

ನಾನು ಕೈ ಹಿಂದಕ್ಕೆ ತೆಗೆದೆ.