ತಾಟು ಹಾಕಿದ ಮೇಲೆ ಮಾತು

ಸಂಜೆ ರೊಟ್ಟಿ ಸುಡುವ ವಾಸನೆ ಎದ್ದರೆ ನನಗೆ ಸಂವಿಧಾನ ನೆನಪಾಗುತ್ತದೆ. ನಗಬೇಡಿ, ಕಾನೂನು ಪಾಠ ಹೇಳಿ ಹೇಳಿ ನನಗೆ ತಲೆ ಕೆಟ್ಟಿದೆ ಎಂದು ಮಗಳು ನಗುವುದೇ ಸಾಕು. ಈಗಷ್ಟೇ ಟೀವಿಯಲ್ಲಿ ವಿಧಾನಸಭೆ ನಡೆದಿತ್ತು. ಆಳುವ ಪಕ್ಷದವರು ಚರ್ಚೆ ಸಾಕು ಎಂದರು, ಗದ್ದಲವೆದ್ದಿತು, ಮಸೂದೆ ಪಾಸಾಯಿತು.

“ಅವ್ವಾ, ಹಿಂಗ ಮಾತಾಡೋರ ಬಾಯಿ ಮುಚ್ಚಸೂದು ಸಂವಿಧಾನದಾಗ ಐತೇನು?” ಎಂದಳು ಮಗಳು.

ಸಣ್ಣವಳಿದ್ದಾಗ ನಾನೂ ಇದನ್ನೇ ಕೇಳಿದ್ದೆ, ಖಾನಾಪುರದಲ್ಲಿ ವಕೀಲರಾಗಿದ್ದ ದೊಡ್ಡಪ್ಪನನ್ನು. “ಸದನ ತನ್ನ ನಿಯಮ ತಾನ ಮಾಡ್ಕೊಬಹುದು, ಸಂವಿಧಾನನ ಹೇಳೇತಿ” ಎಂದಿದ್ದರು. ನಮ್ಮ ಮನೆಗೂ ನಿಯಮವಿತ್ತು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು. ಪಡಸಾಲೆಯ ಎಂಥ ಚರ್ಚೆಯೂ ತಾಟಿನ ಸಪ್ಪಳಕ್ಕೆ ನಿಲ್ಲಬೇಕು, ಆಮೇಲೆ ಕೈ ಎತ್ತಿ ಮತ ಹಾಕುವುದು. ಆ ಸಂಜೆಗಳ ಹಳದಿ ಬೆಳಕು ಈಗಲೂ ಕನಸಿನಲ್ಲಿ ಬರುತ್ತದೆ.

ಅಂಥದೊಂದು ಸಂಜೆ ಚರ್ಚೆ ನನ್ನದೇ: ಬೆಳಗಾವಿಯಲ್ಲಿ ಕಾನೂನು ಓದಬೇಕೋ, ಅಲ್ಲಿನ ರವಿವಾರ ಪೇಟೆಯ ವ್ಯಾಪಾರಸ್ಥರ ಮನೆಗೆ ಸೊಸೆಯಾಗಬೇಕೋ. ನಾನಿದ್ದದ್ದು ಒಲೆಯ ಮುಂದೆ. ಗಾಬರಿಗೆ ಕೈ ಓಡಿತು, ರೊಟ್ಟಿ ಎಂದಿಗಿಂತ ಬೇಗ ಮುಗಿದವು, ದೊಡ್ಡವ್ವ ತಾಟು ಹಾಕಿಯೇಬಿಟ್ಟರು. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಎಂಥ ಶಾಣ್ಯಾಕಿ ನೋಡಿ!

“ಸಾಕು, ಕೈ ಎತ್ತರಿ” ಎಂದರು ಅಪ್ಪ.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. “ನಾ ಇನ್ನೂ ಮಾತಾಡೇ ಇಲ್ಲರೀ.”

“ತಾಟು ಹಾಕ್ಯಾರ. ಮುಗೀತು.”

ದೊಡ್ಡಪ್ಪ ಕಿಟಕಿಯಾಚೆ ನೋಡಿದರು. ಸೂರ್ಯ ಇನ್ನೊಂದು ಗೇಣು ಉಳಿದಿದ್ದ. ನಿಧಾನಕ್ಕೆ ತಾಟು ಸರಿಸಿದರು. “ಚರ್ಚೆ ಮುಗಸೂದು ಕಾಯ್ದೆ, ಖರೇ. ಆದ್ರ ಮಾತಿಗೆ ನ್ಯಾಯವಾದ ಅವಕಾಶ ಸಿಕ್ಕಿಲ್ಲಂದ್ರ ಸದನದ ಅಧ್ಯಕ್ಷ ಅದಕ್ಕ ಒಪ್ಪಬಾರದು, ಅದೂ ನಿಯಮದಾಗ ಐತಿ. ಮಾತಾಡವಾ.”

ಮಾತಾಡಿದೆ, ಅತ್ತೆ, ಮತ್ತೆ ಮಾತಾಡಿದೆ. ಕತ್ತಲಾಯಿತು. ಅಪ್ಪನೊಬ್ಬರ ಕೈ ಬಿಟ್ಟು ಎಲ್ಲ ಕೈಗಳೂ ನನ್ನ ಓದಿಗೆ ಎದ್ದವು. ಹೊತ್ತು ಮುಳುಗಿತೆಂದು ದೊಡ್ಡಪ್ಪ ಗುಟುಕು ನೀರೂ ಕುಡಿಯದೆ ಮಲಗಿದರು. ನೆನೆದರೆ ಇಂದಿಗೂ ಕಣ್ಣು ತುಂಬುತ್ತದೆ.

ಇದನ್ನೆಲ್ಲ ರಸವಾಗಿ ಹೇಳಿ ಮುಗಿಸಿದೆ. ಮಗಳು ನಗಲಿಲ್ಲ. ಕಾನೂನು ಓದು ಬಿಟ್ಟು ಫೌಂಡ್ರಿಯಲ್ಲಿ ಎರಕದ ಕೆಲಸ ಕಲಿಯುತ್ತೇನೆಂದು ಅವಳು ಬಾಯಿ ತೆರೆದಾಗಲೆಲ್ಲ, “ಮೊದಲ ಊಟ ಮಾಡು” ಎನ್ನುತ್ತ ಬಂದವಳು ನಾನೇ. ಅವಳ ಪ್ರಶ್ನೆ ಟೀವಿಯವರಿಗಲ್ಲ, ನನಗೆ.

ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಮರಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಒಲೆ ಆರಿಸಿ ಕೂತೆ. “ಹೇಳವಾ” ಎಂದೆ.

ಈಗ ಹೊರಗೆ ಕತ್ತಲು. ಹೊಟ್ಟೆ ಹಸಿದಿದೆ. ಅವಳಿನ್ನೂ ಮಾತಾಡುತ್ತಿದ್ದಾಳೆ.