ಗ್ಯಾನಪ್ಪ ಮಾಸ್ತರು ಇಡೀ ರೆಕಾರ್ಡು ಬಾರಿಸಿದ್ದು

ಗ್ಯಾನಪ್ಪನವರನ್ನು ನಾನು ಮೊದಲು ಸಾಧಕರೆಂದು ತಿಳಿದಿದ್ದೆ.

ಎಂಬತ್ತನಾಲ್ಕರಲ್ಲಿ ಮಸ್ಕಿಯ ಕಾಲುವೆ ಕಚೇರಿಗೆ ಗುಮಾಸ್ತನಾಗಿ ಬಂದ ಹೊಸತು. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಕಸ್ತೂರೆಮ್ಮನ ಹೋಟೆಲಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನ್ನಲು ಹೋಗುತ್ತಿದ್ದೆ. ಹೋಟೆಲಿನ ಹೊರಗೆ ಬೇವಿನ ಮರದಡಿ ನಲವತ್ತರ ಆಸುಪಾಸಿನ ಒಬ್ಬರು ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಬಿಳಿ ಅಂಗಿ, ಬಿಳಿ ಧೋತರ. ಮಡಿಚಿದ ಕೊಡೆಯೊಂದನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ನೆಟ್ಟಗೆ ಹಿಡಿದಿರುತ್ತಿದ್ದರು. ಬೆರಳುಗಳು ಅದರ ಮೇಲೆ ಏಳುತ್ತ ಕೂರುತ್ತ ಇರುತ್ತಿದ್ದವು. ತುಟಿ ಅಲುಗುತ್ತಿತ್ತು. ಬೆರಳ ಗೆಣ್ಣೆಣಿಸಿ ಜಪ ಮಾಡುವವರನ್ನು ಕಂಡಿದ್ದೆ. ಕೊಡೆಯ ಮೇಲೆ ಎಣಿಸುವವರು ಇನ್ನೂ ಮೇಲಿನ ದರ್ಜೆಯವರಿರಬೇಕು ಎಂದುಕೊಂಡೆ. ಒಂದು ವಾರ ದೂರದಿಂದ ನೋಡಿದೆ. ಎಂಟನೆಯ ದಿನ ಚಪ್ಪಲಿ ಬಿಟ್ಟು, ಕೈಮುಗಿದು ಅವರೆದುರು ನಿಂತೆ. ಊರ ಕಡೆಗೆ ವರ್ಗವಾಗುವುದು ಯಾವಾಗ ಎಂದು ಕೇಳುವುದಿತ್ತು.

ಅವರು ಒಂದು ಕಣ್ಣು ತೆರೆದರು.

"ಸ್ವಲ್ಪ ಸರದು ನಿಂದ್ರರಿ. ಪೆಟಿಗಿಗಿ ಅಡ್ಡ ಆಗೀರಿ, ಹಾಡು ಕೇಳಸವಲ್ದು."

ಒಳಗೆ ಬಾಣಲೆಯ ಮುಂದಿದ್ದ ಕಸ್ತೂರೆಮ್ಮ ನಕ್ಕು ನಕ್ಕು ಮಿರ್ಚಿ ಸೀದು ಹೋಯಿತು. "ಅಯ್ಯ, ಅವರು ಬ್ಯಾಂಡಿನ ಗ್ಯಾನಪ್ಪ ಮಾಸ್ತರರಿ! ನೀವು ಎಣ್ಣಿಬತ್ತಿ ತರಲಿಲ್ಲ ಹೌದಿಲ್ಲ?"

ಸಂಗತಿ ಇಷ್ಟೇ. ಹೋಟೆಲಿನಲ್ಲಿ ಒಂದು ರೆಕಾರ್ಡ್ ಪ್ಲೇಯರು, ಎರಡು ರೆಕಾರ್ಡು ಇದ್ದವು. ಒಂದು ದೇವರದು, ಅದು ಮೊದಲ ಗಿರಾಕಿ ಬರುವ ತನಕ. ಇನ್ನೊಂದು 'ಚಂದ್ರಸೇನೆ' ಎಂಬ ಹಳೆಯ ನಾಟಕದ ಹಾಡುಗಳದು. ಈ ಬದಿಗೆ ಮೂರು ಹಾಡು, ಆ ಬದಿಗೆ ಮೂರು. ಗ್ಯಾನಪ್ಪನವರಿಗೆ ಸ್ವರ ಬರೆಯಲು ಓದಲು ಬಾರದು, ಮನೆಯಲ್ಲಿ ರೆಕಾರ್ಡ್ ಪ್ಲೇಯರಿಲ್ಲ. ಹೋಟೆಲಿನ ಮುಂದೆ ಕ್ಲಾರಿನೆಟ್ ಊದಿದರೆ ಗಿರಾಕಿಗಳು ಚಾ ಚೆಲ್ಲಿಕೊಳ್ಳುತ್ತಾರೆಂದು ಕಸ್ತೂರೆಮ್ಮ ಬೇಡವೆಂದಿದ್ದಳು. ಹಾಗಾಗಿ ಹಾಡು ಹೋಟೆಲಿನದು, ಬೆರಳು ತಮ್ಮದು, ಕ್ಲಾರಿನೆಟ್ಟಿನ ಬದಲು ಕೊಡೆ.

ಗ್ಯಾನಪ್ಪನವರ ಬ್ಯಾಂಡಿನಲ್ಲಿ ಒಂಬತ್ತು ಜನ. ಸುಗ್ಗಿಯಲ್ಲಿ ಎಲ್ಲರೂ ಕೂಲಿಗೆ, ಮದುವೆ ಕಾಲದಲ್ಲಿ ಎಲ್ಲರೂ ಕೆಂಪು ಕೋಟಿಗೆ. ದೊಡ್ಡ ಡ್ರಮ್ಮು ಲಿಂಗಸುಗೂರಿನ ದಸ್ತಗೀರ್‌ಸಾಬ್ ಅವರದು. ಬೆಂಜೊ ಶಾವಲಿಯದು. ಬೆಂಜೊ ಎಂದರೆ ಟೈಪ್‌ರೈಟರಿನಂತೆ ಗುಂಡಿ ಒತ್ತಿ ಬಾರಿಸುವ ತಂತಿವಾದ್ಯ. ಶಾವಲಿ ಅದಕ್ಕೆ ಕರೆಂಟಿನ ವೈರು ಹಚ್ಚಿ, ಬ್ಯಾಟರಿ ಮತ್ತು ಎರಡು ಹಾರನ್ ಸ್ಪೀಕರುಗಳ ಸಮೇತ ತಳ್ಳುಗಾಡಿಯ ಮೇಲೆ ಹೇರಿದ್ದ. ಅವನ ಬೆಂಜೊ ಹಾಡುತ್ತಿರಲಿಲ್ಲ, ಕಬ್ಬಿಣ ಕೊರೆಯುತ್ತಿತ್ತು. ಈ ಬ್ಯಾಂಡು ಲಿಂಗಸುಗೂರಿನಲ್ಲಿ ಬಾರಿಸಿದರೆ ಹತ್ತು ಮೈಲಿ ಆಚೆಯ ಮುದಗಲ್ ಕೋಟೆಯ ಪಾರಿವಾಳಗಳು ಏಳುತ್ತವೆ ಎಂದು ಜನ ಹೇಳುತ್ತಿದ್ದರು. ನಾನು ಪರೀಕ್ಷಿಸಿಲ್ಲ.

ಮದುವೆಯ ಬ್ಯಾಂಡಿಗೆ ಒಂದು ಶಾಪವಿದೆ. ಯಾವ ಹಾಡನ್ನೂ ಯಾರೂ ಪೂರ್ತಿ ಬಾರಿಸಗೊಡುವುದಿಲ್ಲ. ಲಿಂಗಸುಗೂರಿನ ಒಂದು ಮದುವೆಯಲ್ಲಿ ನಾನೇ ಕಣ್ಣಾರೆ ಕಂಡೆ. ಗ್ಯಾನಪ್ಪನವರು 'ಚಂದ್ರಸೇನೆ'ಯ ಮೂರನೆಯ ಹಾಡನ್ನು ಎತ್ತಿಕೊಂಡು, ಕತ್ತಿನ ನರ ಉಬ್ಬಿಸಿ, ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು. ಅಷ್ಟರಲ್ಲಿ ವರನ ಸೋದರಮಾವ ಬಂದು ಅವರ ಮೊಣಕೈ ಹಿಡಿದ.

"ಏ ಮಾಸ್ತರ, ಅಳಾ ಹಾಡು ಯಾಕ ಹಚ್ಚೀ? ಹಾವಿಂದು ಬಾರಸು, ಹುಡುಗರು ಕುಣೀಬೇಕಂತ."

ಹಾವಿನದು ಶುರುವಾಯಿತು. ಅರ್ಧಕ್ಕೆ ಮಂಟಪ ಬಂತು. "ಸಾಕು, ಸಾಕು, ಅಕ್ಕಿಕಾಳಿನ ಹೊತ್ತು!" ಎಂದರು. ಹಾವೂ ಅರ್ಧ ಹುತ್ತದಲ್ಲೇ ಉಳಿಯಿತು.

ತೊಂಬತ್ತರ ಹೊತ್ತಿಗೆ ನನಗೆ ವರ್ಗವಾಯಿತು. ಊರ ಕಡೆಗಲ್ಲ, ಸಿಂಧನೂರಿಗೆ. ಅಲ್ಲಿ ನಾನು ಸಂಗೀತಾಭಿಮಾನಿಗಳ ಸಂಘಕ್ಕೆ ಕಾರ್ಯದರ್ಶಿಯಾದೆ. ರಬ್ಬರ್ ಮುದ್ರೆ ಮೊದಲು ಮಾಡಿಸಿದೆ, ಸಂಘ ಆಮೇಲೆ ಆಯಿತು. ಅಧ್ಯಕ್ಷರು ಅಕ್ಕಿ ಗಿರಣಿಯ ಕರಿಬಸಪ್ಪನವರು. ಒಂದು ವರ್ಷದಲ್ಲಿ ಏಳು ಸಭೆ ನಡೆಸಿದ್ದೆವು. ಯಾವ ಕಲಾವಿದರು ನಮ್ಮ ಮಟ್ಟಕ್ಕೆ ಸಾಲರು ಎಂಬ ಪಟ್ಟಿ ಬಹುಮಟ್ಟಿಗೆ ಸಿದ್ಧವಾಗಿತ್ತು. ಕಾರ್ಯಕ್ರಮ ಮಾತ್ರ ಒಂದೂ ಆಗಿರಲಿಲ್ಲ.

ತೊಂಬತ್ತೊಂದರ ಜನವರಿಯಲ್ಲಿ ಗ್ಯಾನಪ್ಪನವರು ಮಸ್ಕಿಯಿಂದ ಬಸ್ಸು ಹತ್ತಿ ನನ್ನ ಕಚೇರಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾಹೇಬ್ರ, ಒಂದು ಮಾತು ಕೇಳಾಕ ಬಂದೀನ್ರಿ. ಆ ಚಂದ್ರಸೇನೆ ಪ್ಲೇಟಿನ್ಯಾಗ ರಾಜನ ಮಗಳು ಮೂರನೇ ಹಾಡಿಗಿ ಸೆರಿಮನಿ ಸೇರ್ತಾಳ. ಹೊರಗ ಬರೂದು ಆರನೇದಕ್ಕ. ಇಪ್ಪತ್ತು ವರ್ಷಾತು, ನಮ್ಮ ಬ್ಯಾಂಡು ಮೂರನೇದ್ರ ಅರ್ಧ ದಾಟಿಲ್ರಿ. ಒಮ್ಮಿ ಮೊದಲಿನಿಂದ ಕಡೀ ಮಟ ಬಾರಸಬೇಕಂತ ಐತಿ. ಜನ ಕುಂತು ಕೇಳಬೇಕು. ಕುದುರಿ ಇರಬಾರದು, ಮದುಮಗ ಇರಬಾರದು, ಮುಂದ ನಡೀರಿ ಅನ್ನವರು ಇರಬಾರದು."

"ಎಷ್ಟು ಕೊಡಬೇಕು?" ಎಂದೆ, ಕಾರ್ಯದರ್ಶಿಯ ಗತ್ತಿನಲ್ಲಿ.

"ಏನೂ ಬ್ಯಾಡ್ರಿ. ನಡುವ ಯಾರೂ ಬಾಯಿ ಹಾಕಬಾರದು, ಅಷ್ಟ. ದಸ್ತಗೀರ್‌ಸಾಬಗ ಮೊಣಕಾಲು ಹೋಗ್ಯಾವು. ಮುಂದಿನ ಮದಿವಿ ಕಾಲಕ್ಕ ಬರಂಗಿಲ್ಲ ಅಂತಾನ. ಅಂವ ಇಲ್ಲಂದ್ರ ನಂದೇನೂ ನಡ್ಯಂಗಿಲ್ರಿ. ಈಗ ಆಗಲಿಲ್ಲಂದ್ರ ಇನ್ನ ಆಗಂಗಿಲ್ಲ."

ಎಂಟನೆಯ ಸಭೆ ಕರೆದೆ. ಕರಿಬಸಪ್ಪನವರು ಬ್ಯಾಂಡಿನ ಹೆಸರು ಕೇಳಿ ಮೂಗು ಮುರಿದರು. "ಬ್ಯಾಂಡು ಬ್ಯಾರೆ, ಸಂಗೀತ ಬ್ಯಾರೆ. ನಾಳಿಗಿ ಡಂಗೂರ ಸಾರವನನ್ನೂ ಕರೀತೀರೇನು?" ಎಂದರು. ಆದರೆ ರೆಕಾರ್ಡಿನ ಹೆಸರು ಕೇಳಿದ್ದೇ ಮುಖ ಅರಳಿತು.

"ಚಂದ್ರಸೇನೆ? ಆ ಪ್ಲೇಟು ನಮ್ಮನ್ಯಾಗ ಐತ್ರಿ! ನಮ್ಮಪ್ಪಾರು ಹೈದ್ರಾಬಾದಿನಿಂದ ತರಿಸಿದ್ದು. ಒಂದು ಗೀರು ಬಿದ್ದಿಲ್ಲ ನೋಡ್ರಿ, ಯಾಕಂದ್ರ ಯಾರಿಗೂ ಹಚ್ಚಾಕ ಬಿಟ್ಟಿಲ್ಲ."

ತಾವು ಅದರ ತಜ್ಞರೆಂದು ಆಮಂತ್ರಣದಲ್ಲಿ ಹಾಕಬೇಕೆಂದರು. ಹಾಕಿದೆವು. ಜಾಗ, ಅವರದೇ ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಅಂಗಳ. ದಿನ, ಫೆಬ್ರವರಿಯ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ.

ಆ ದಿನ ಇನ್ನೂರು ಕುರ್ಚಿ ಹಾಕಿದ್ದೆವು. ಮುಂದೆ ಅಧ್ಯಕ್ಷರಿಗೊಂದು ಸೋಫಾ. ಮಸ್ಕಿಯಿಂದ ಕಸ್ತೂರೆಮ್ಮ ಹೋಟೆಲಿಗೆ ಬೀಗ ಹಾಕಿ ಬಂದಿದ್ದಳು, ಅವಳ ಹಿಂದೆ ಅವಳ ಗಿರಾಕಿಗಳು ಒಂದು ಬಸ್ಸಿನಷ್ಟು. ಸಂಗೀತ ಕಚೇರಿ ಎಂದರೆ ಹೀಗೇ ಎಂಬಂತೆ, ಕಲಾವಿದರು ಕೂತೇ ನುಡಿಸಬೇಕೆಂದು ನಾನು ಒಂಬತ್ತು ಕುರ್ಚಿಗಳನ್ನು ಸಾಲಾಗಿ ಇಡಿಸಿದ್ದೆ. ದೊಡ್ಡ ಊರುಗಳಲ್ಲಿ ಹಾಗೆಯೇ ಎಂದು ಕೇಳಿದ್ದೆ.

ಒಂಬತ್ತು ಜನ ಕೆಂಪು ಕೋಟಿನಲ್ಲಿ ಕೂತರು. ಮೊದಲ ಹಾಡು ಶುರುವಾಯಿತು. ಆಗಲಿಲ್ಲ. ಟ್ರಂಪೆಟ್ಟಿನವರು ಒಂದು ಕಡೆ ಹೋದರೆ ಸಣ್ಣ ಡ್ರಮ್ಮು ಇನ್ನೊಂದು ಕಡೆ. ಶಾವಲಿಯ ಬೆಂಜೊ ಎಲ್ಲರಿಗಿಂತ ಮುಂಚೆ ಊರು ತಲುಪಿತು. ಗ್ಯಾನಪ್ಪನವರು ಕ್ಲಾರಿನೆಟ್ ಕೆಳಗಿಳಿಸಿದರು. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಗಿರಣಿಯ ಕಡೆ ನೋಡಿದೆ.

ದಸ್ತಗೀರ್‌ಸಾಬ್ ಎದ್ದು ನಿಂತರು. "ಗ್ಯಾನಪ್ಪಾ, ಕುಂತು ಯಾವತ್ತು ಬಾರಿಸೀವೋ ನಾವು? ತಾಳ ಕಾಲಾಗ ಐತಿ. ಕಾಲು ಕಟ್ಟಿ ಹಾಕಿದ್ರ ಕೈಗಿ ಏನು ತಿಳೀತೈತಿ?"

"ನಿನ್ನ ಮೊಣಕಾಲು?"

"ಮೊಣಕಾಲಿನ ತಾಯಿ... ನಡೀ ನೀ!"

ಒಂಬತ್ತು ಜನ ಎದ್ದರು. ಎಲ್ಲಿಗೆ ನಡೆಯುವುದು? ಮಂಟಪವಿಲ್ಲ, ದೇವರ ಗುಡಿಯಿಲ್ಲ. ಕೂತ ಜನರ ಸುತ್ತಲೇ ನಡೆಯತೊಡಗಿದರು. ಗ್ಯಾನಪ್ಪನವರು ಮುಂದೆ, ಹಿಂದೆ ಟ್ರಂಪೆಟ್ಟು, ಡ್ರಮ್ಮು, ಕೊನೆಗೆ ಶಾವಲಿಯ ತಳ್ಳುಗಾಡಿ. ಹೆಜ್ಜೆ ಬಿತ್ತು, ಹಾಡು ಕೂಡಿತು. ಏಳು ಮಾತ್ರೆಯ ತಾಳವದು. ಅಂಗಳದ ಮೂಲೆಯಲ್ಲಿ ತಿರುಗುವಾಗ ಅರ್ಧ ಹೆಜ್ಜೆ ಹೆಚ್ಚು ಹಾಕಿ ಸರಿಮಾಡಿಕೊಳ್ಳುತ್ತಿದ್ದರು. ಗಿರಣಿಯ ತಗಡು ನಡುಗಿತು, ಪಾರಿವಾಳಗಳು ಎದ್ದೇ ಎದ್ದವು. ಮುಂದಿನ ಸಾಲಿಗೆ ಅರ್ಧ ಹೊತ್ತು ಬೆನ್ನ ಹಿಂದಿನ ಸಂಗೀತವೇ ಗತಿಯಾಯಿತು. ಕರಿಬಸಪ್ಪನವರು ಸೋಫಾದಲ್ಲಿ ಕತ್ತು ತಿರುಗಿಸಿ ತಿರುಗಿಸಿ, ಎರಡನೆಯ ಹಾಡಿನ ಹೊತ್ತಿಗೆ ಪಟ್ಟು ಬಿಟ್ಟು ಸೋಫಾದ ಮೇಲೆ ಹಿಂದುಮುಂದಾಗಿ ಮಂಡಿಯೂರಿದರು.

ಮೂರನೆಯ ಹಾಡು ಅರ್ಧ ದಾಟಿತು. ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ, ಆ ಒಂಬತ್ತು ಜನರಿಗೆ ಬಿಟ್ಟು. ಗ್ಯಾನಪ್ಪನವರ ಕಿವಿ ಕೆಂಪಗಾಗಿದ್ದವು. ಮೂರು ಮುಗಿಯಿತು. ರೆಕಾರ್ಡು ತಿರುವಿ ಹಾಕುವಷ್ಟು ಹೊತ್ತು ನಿಂತರು, ಬೆವರು ಒರೆಸಿಕೊಂಡರು, ನಾಲ್ಕನೆಯದನ್ನು ಎತ್ತಿಕೊಂಡರು. ರಾಜಕುಮಾರಿ ಸೆರೆಮನೆಯ ಬಾಗಿಲು ತೆಗೆಯಿರೆಂದು ಬೇಡುವ ಹಾಡು.

ಇಲ್ಲಿ ಒಂದು ಮಾತು ಹೇಳಬೇಕು. ಕಸ್ತೂರೆಮ್ಮನ ರೆಕಾರ್ಡಿನಲ್ಲಿ ಈ ಹಾಡಿಗೆ ಗೀರು ಬಿದ್ದಿತ್ತು. 'ಬಾಗಿಲ ತೆಗೆಯಿರೇ' ಎಂಬಲ್ಲಿ ಮುಳ್ಳು ಸಿಕ್ಕಿಕೊಂಡು ಅದನ್ನೇ ತಿರುತಿರುಗಿ ಹಾಡುತ್ತಿತ್ತು. ಕಸ್ತೂರೆಮ್ಮ ಬಾಣಲೆ ಬಿಟ್ಟು, ಕೈ ಒರೆಸಿಕೊಂಡು ಬಂದು, ಮುಳ್ಳಿನ ತೋಳನ್ನು ಬೆರಳಿನಿಂದ ಮುಂದಕ್ಕೆ ತಳ್ಳುವ ತನಕ ಹನ್ನೊಂದು ಸಲವಾದರೂ ಆಗುತ್ತಿತ್ತು. ಆಮೇಲೆ 'ಟಕ್' ಎಂದು ಒಂದು ನುಡಿಯನ್ನೇ ಹಾರಿ ಹಾಡು ಮುಂದುವರಿಯುತ್ತಿತ್ತು. ಗ್ಯಾನಪ್ಪನವರು ಕಲಿತದ್ದು ಹೀಗೆ, ಬ್ಯಾಂಡಿಗೆ ಕಲಿಸಿದ್ದೂ ಹೀಗೆ. ಡ್ರಮ್ಮಿನ ಅಂಚಿಗೆ ಕೋಲು ಬಡಿದು ಆ 'ಟಕ್' ಅನ್ನಿಸುವುದು ದಸ್ತಗೀರ್‌ಸಾಬರ ಪಾಲಿನದು.

'ಬಾಗಿಲ ತೆಗೆಯಿರೇ' ಮೂರು ಸಲವಾಯಿತು, ನಾಲ್ಕು, ಐದು. ಮಸ್ಕಿಯವರು ತಲೆದೂಗಿದರು. ಅವರಿಗೆ ಆ ಹಾಡು ಹಾಗೆಯೇ. ಆರನೆಯ ಸಲಕ್ಕೆ ತಜ್ಞರಿಗೆ ತಡೆಯಲಾಗಲಿಲ್ಲ. ಕರಿಬಸಪ್ಪನವರು ಸೋಫಾದಿಂದ ಇಳಿದು, ಶಾಲು ಸರಿಮಾಡಿಕೊಂಡು, ಬ್ಯಾಂಡಿನ ದಾರಿಗೆ ಅಡ್ಡ ನಿಂತರು.

"ನಿಂದ್ರಸ್ರಿ! ತಪ್ಪು ಐತಿ! ಒಂದ ಸಲ ಐತಿ ಅದು! ನನ್ನ ಪ್ಲೇಟಿನ್ಯಾಗ..."

ಗ್ಯಾನಪ್ಪನವರು ನಿಲ್ಲಿಸಿದ್ದರೆ ಅಲ್ಲಿಗೆ ಮುಗಿಯಿತು. ಆದರೆ ಮದುವೆ ಬ್ಯಾಂಡಿನವರಿಗೆ ಒಂದು ಅಭ್ಯಾಸವಿದೆ. ಮುಂದೆ ಯಾರಾದರೂ ದಾರಿಗಡ್ಡ ನಿಂತರೆ, ಕುಣಿಯುವವರೋ ಕುಡಿದವರೋ, ಬಾರಿಸುವುದು ನಿಲ್ಲಿಸಬಾರದು. ನಿಂತಲ್ಲೇ ಹೆಜ್ಜೆ ಹಾಕುತ್ತ, ದಾರಿ ಬಿಡುವ ತನಕ ಅದೇ ಸಾಲನ್ನು ತಿರುಗಿಸುತ್ತಿರಬೇಕು. ಒಂಬತ್ತು ಜನ ನಿಂತರು. 'ಬಾಗಿಲ ತೆಗೆಯಿರೇ' ಹನ್ನೊಂದಾಯಿತು, ಇಪ್ಪತ್ತಾಯಿತು. ಅಧ್ಯಕ್ಷರು ಕೂಗಿದಷ್ಟೂ ಶಾವಲಿ ಹಾರನ್ ಏರಿಸಿದ. ಅವರ ಬಾಯಿ ಆಡುವುದು ಕಾಣುತ್ತಿತ್ತು, ದನಿ ಅವರಿಗೇ ಕೇಳಿಸುತ್ತಿರಲಿಲ್ಲ. ದಸ್ತಗೀರ್‌ಸಾಬರ ಮುಖದಲ್ಲಿ ನೋವು ಎದ್ದಿತ್ತು. ನಿಂತು ಹೆಜ್ಜೆ ಹಾಕುವುದು ಮೊಣಕಾಲಿಗೆ ನಡೆಯುವುದಕ್ಕಿಂತ ಕಷ್ಟ. ಇನ್ನು ಸ್ವಲ್ಪ ಹೊತ್ತು ಹೀಗೇ ಆದರೆ ಅವರು ಕೂತುಬಿಡುತ್ತಾರೆ ಎನಿಸಿತು. ಕಾರ್ಯದರ್ಶಿಯಾಗಿ ನಾನು ಏನಾದರೂ ಮಾಡಬೇಕಿತ್ತು. ಆಮಂತ್ರಣ ಪತ್ರಿಕೆ ತೆಗೆದು ಓದತೊಡಗಿದೆ.

ಹೆಂಗಸರ ಸಾಲಿನಿಂದ ಕಸ್ತೂರೆಮ್ಮ ಎದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಈ ಕಡೆ ಬರ್ರಿ ಸಾವ್ಕಾರ್ರ" ಎಂದು ಕರಿಬಸಪ್ಪನವರ ತೋಳನ್ನು ಒಂದೇ ಬೆರಳಿನಿಂದೆಂಬಂತೆ ಪಕ್ಕಕ್ಕೆ ತಳ್ಳಿದಳು.

'ಟಕ್' ಎಂದರು ದಸ್ತಗೀರ್‌ಸಾಬ್. ಹಾಡು ಮುಂದಕ್ಕೆ ಹಾರಿತು. ಮಸ್ಕಿಯ ಅಷ್ಟೂ ಜನ ಎದ್ದು ಶಿಳ್ಳೆ ಹೊಡೆದರು.

ಐದನೆಯದು ನಿಧಾನದ ಹಾಡು. ಆರನೆಯದಕ್ಕೆ ಬಿಸಿಲು ಗಿರಣಿಯ ಹಿಂದೆ ಸರಿದಿತ್ತು. ರಾಜಕುಮಾರಿ ಹೊರಗೆ ಬಂದಳು. ಗ್ಯಾನಪ್ಪನವರು ಕೊನೆಯ ಸ್ವರವನ್ನು ಉಸಿರಿರುವಷ್ಟೂ ಹಿಡಿದು, ಬಿಟ್ಟರು. ಚಪ್ಪಾಳೆ ಬರಲಿಲ್ಲ. ಬ್ಯಾಂಡು ತಾನಾಗಿಯೇ ನಿಂತದ್ದನ್ನು ನಮ್ಮ ಜನ ಎಂದೂ ಕಂಡಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕ ಮಾತ್ರ ಕೇಳಿದ: "ಊಟಕ್ಕ ಏಳಬೇಕೇನು?"

ಆಮೇಲೆ ಕರಿಬಸಪ್ಪನವರು ಭಾಷಣದಲ್ಲಿ, ಸಂಗೀತದ ಶುದ್ಧತೆಗಾಗಿ ತಾವು ಬೀದಿಗಿಳಿದು ನಿಂತದ್ದನ್ನು ವಿವರಿಸಿದರು. ಅಷ್ಟರೊಳಗೆ ಜನ ಬಸ್ ಸ್ಟ್ಯಾಂಡ್ ಮುಟ್ಟಿದ್ದರು.

ಗ್ಯಾನಪ್ಪನವರು ತಳ್ಳುಗಾಡಿಯ ಅಂಚಿಗೆ ಕೂತು ಕ್ಲಾರಿನೆಟ್ಟನ್ನು ಬಿಚ್ಚಿ ಉಗುಳು ಝಾಡಿಸುತ್ತಿದ್ದರು. ಪಕ್ಕದಲ್ಲಿ ದಸ್ತಗೀರ್‌ಸಾಬ್ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋಗಿ, ಸಂಘದ ವಾರ್ಷಿಕ ವರದಿಗೆ ಒಂದು ಒಳ್ಳೆಯ ವಾಕ್ಯ ಸಿಕ್ಕೀತೆಂದು, ಗಂಭೀರವಾಗಿ ಕೇಳಿದೆ:

"ಮಾಸ್ತರ್ರ, ಜೀವನದ ಆಸೆ ಈಡೇರಿತು. ಇನ್ನು ಮುಂದೆ ಏನು?"

ಅವರು ಕ್ಲಾರಿನೆಟ್ಟಿನ ಕೊಳವೆಯೊಳಗೆ ಒಂದು ಕಣ್ಣು ಹಾಯಿಸಿ ನೋಡಿ, ಚೀಲಕ್ಕೆ ಹಾಕಿದರು.

"ನಾಡದು ತುರ್ವಿಹಾಳದಾಗ ಮದಿವಿ ಐತ್ರಿ. ಅರ್ಧರ್ಧ ಬಾರಸಾದು."